ಸಾಹುಕಾರರು ಕಳಿಸಿದ ರೈಟರ್

ಆ ಮೆಷಿನ್ ನನ್ನ ಅಂಗಡಿಗೆ ಬಂದದ್ದು ಗುರುತಿನವರ ಜೀಪಿನ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿಸಿಕೊಂಡು. ಕಳಿಸಿದವರು ಮಡಿಕೇರಿಯ ಒಬ್ಬ ನಿವೃತ್ತ ಟೀಚರ್. ಸೀರೆ ಬಿಚ್ಚಿದರೆ ಒಳಗೆ ಆಕ್ಸಿಜನ್ ಕಾನ್ಸಂಟ್ರೇಟರ್. ಕೋಣೆಯ ಗಾಳಿಯನ್ನು ಎಳೆದುಕೊಂಡು, ಅದರೊಳಗಿನ ನೈಟ್ರೋಜನ್ ಸೋಸಿ, ಉಳಿದ ಆಮ್ಲಜನಕವನ್ನು ಮೂಗಿನ ಕೊಳವೆಗೆ ಕೊಡುವ ಯಂತ್ರ. ಎತ್ತರದಲ್ಲಿ ಸೂಟ್‌ಕೇಸಿನಷ್ಟು, ಅಡಿಯಲ್ಲಿ ಚಕ್ರಗಳು. ಟೀಚರ ಅತ್ತೆ ಕೊನೆಗಾಲದಲ್ಲಿ ಅದರ ಆಸರೆಯಲ್ಲೇ ಉಸಿರಾಡಿದವರು. ಅವರು ತೀರಿಕೊಂಡ ಮೇಲೆ ಮೆಷಿನ್ ಮಂಚದ ಪಕ್ಕದಲ್ಲೇ ಉಳಿದಿತ್ತು.

"ಮಾರಿಕೊಡಮ್ಮಾ, ಆದರೆ ಮರುಮಾರಾಟ ಮಾಡೋ ಅಂಗಡಿಯವರಿಗೆ ಬೇಡ" ಎಂದರು ಟೀಚರ್ ಫೋನಿನಲ್ಲಿ. "ಬೇಕಾದ ಮನೆಗೇ ಹೋಗಬೇಕು. ಪುಕ್ಕಟೆ ಕೊಟ್ಟರೆ ಯಾರದೋ ಅಟ್ಟ ಸೇರುತ್ತೆ ಅಂತ ಒಂದು ಬೆಲೆ ಇಟ್ಟಿದೀನಿ, ಅಷ್ಟೇ."

ನನ್ನದು ಸಿದ್ದಾಪುರ ಬಸ್ ಸ್ಟ್ಯಾಂಡಿನ ಹತ್ತಿರ ಒಂದೇ ಶಟರಿನ ಅಂಗಡಿ. ಹಳೆಯ ಲ್ಯಾಪ್‌ಟಾಪ್, ಟಿವಿ, ಇನ್ವರ್ಟರ್ ರಿಪೇರಿ ಮಾಡುತ್ತೇನೆ. ಮಾರಬೇಕೆನ್ನುವವರ ಪರವಾಗಿ ಆನ್‌ಲೈನಿನಲ್ಲಿ ಜಾಹೀರಾತು ಹಾಕಿ, ಗಿರಾಕಿ ಹುಡುಕಿ, ಕಮಿಷನ್ ತೆಗೆದುಕೊಳ್ಳುತ್ತೇನೆ. ಹಾಸನದ ಗಡಿಗೆ ತಾಗಿದ ಶನಿವಾರಸಂತೆ ಕಡೆಯವಳಾದ ನನ್ನ ಮಾತು ಕೇಳಿದ ಕೂಡಲೇ ಇಲ್ಲಿಯವರು "ನೀವು ಹಾಸನದವರಾ?" ಎನ್ನುತ್ತಾರೆ. ನಾನು ಜಗಳಗಂಟಿ ಎಂಬ ಮಾತೂ ಪೇಟೆಯಲ್ಲಿ ಇದೆ. ಅದರಿಂದ ವ್ಯಾಪಾರಕ್ಕೆ ಲಾಭವೇ ಆಗಿದೆ.

ಆನ್‌ಲೈನಿನಲ್ಲಿ ಮಾರುವವರನ್ನು ಮುಂಡಾಯಿಸಲು ನೋಡುವವರು ದಿನಕ್ಕೊಬ್ಬರಾದರೂ ಸಿಗುತ್ತಾರೆ. ಹಾಗಾಗಿ ನಾನು ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದೆ. ಬ್ಯಾಂಕಿನ ಆಪ್ ತೆರೆದು ಹಣ ಕಣ್ಣಾರೆ ಕಾಣುವವರೆಗೆ ವಸ್ತು ಕೌಂಟರ್ ದಾಟುವುದಿಲ್ಲ. ಸ್ಕ್ರೀನ್‌ಶಾಟ್, ಮೆಸೇಜು ಯಾವುದೂ ಲೆಕ್ಕಕ್ಕಿಲ್ಲ. ಹಣ ಪಡೆಯುವುದಕ್ಕೆ ನಾನು ಯಾವ ಕೋಡನ್ನೂ ಸ್ಕ್ಯಾನ್ ಮಾಡುವುದಿಲ್ಲ, ಪಿನ್ ಒತ್ತುವುದಿಲ್ಲ, ಏಕೆಂದರೆ ಪಿನ್ ಬೇಕಾಗುವುದು ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಇನ್ನು ಮಿಲಿಟರಿಯವನೆಂದು ಯೂನಿಫಾರ್ಮಿನ ಫೋಟೊ ಕಳಿಸುವವರು. ಕೊಡಗಿನಲ್ಲಿ ಮಿಲಿಟರಿ ಎಂದರೆ ಜನ ಎದ್ದು ನಿಲ್ಲುತ್ತಾರೆಂದು ಅವರಿಗೆ ಯಾರು ಹೇಳಿದರೋ! ಅಂಥವರು ಫೋನ್ ಮಾಡಿದರೆ ಹಿಂದಿನ ಬೀದಿಯ ನಿವೃತ್ತ ಸುಬೇದಾರರ ಕೈಗೆ ಫೋನ್ ಕೊಡುತ್ತೇನೆ. ಅವರು ಯಾವ ಯೂನಿಟ್, ಯಾರು ಕಮಾಂಡರ್ ಎಂದು ಕೇಳುವ ಹೊತ್ತಿಗೆ ಆ ಕಡೆ ಕರೆ ಕಟ್ಟಾಗಿರುತ್ತದೆ. ನನ್ನನ್ನು ಯಾಮಾರಿಸುವವನು ಇನ್ನೂ ಹುಟ್ಟಿಲ್ಲ ಎಂದು ನಾನು ಒಂದೆರಡು ಸಲ ಬಾಯಿಬಿಟ್ಟು ಹೇಳಿದ್ದೂ ಉಂಟು.

ಮೆಷಿನ್ ಪರೀಕ್ಷೆಗೆ ಎರಡು ದಿನ ಹಿಡಿಯಿತು. ಕೊಡಗಿನ ತೇವ ಇಂಥ ಯಂತ್ರಗಳ ಶತ್ರು. ಒಳಗೆ ನೈಟ್ರೋಜನ್ ಹಿಡಿಯುವ ಬಿಳಿ ಹರಳುಗಳು ನೀರಿನ ಪಸೆ ಕುಡಿದರೆ ಮೆಷಿನ್ ಗುಂಯ್‌ಗುಡುತ್ತಲೇ ಇರುತ್ತದೆ, ಹಸಿರು ದೀಪವೂ ಉರಿಯಬಹುದು, ಆದರೆ ಕೊಳವೆಯಲ್ಲಿ ಬರುವುದು ಬರೀ ಗಾಳಿ. ವಿರಾಜಪೇಟೆಯಲ್ಲಿ ಆಸ್ಪತ್ರೆ ಉಪಕರಣ ರಿಪೇರಿ ಮಾಡುವವರಿಂದ ಶುದ್ಧತೆ ಅಳೆಯುವ ಮೀಟರ್ ಎರವಲು ತಂದೆ. ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ, ಸ್ಟೆಬಿಲೈಸರ್ ಮೂಲಕ ಕರೆಂಟ್ ಕೊಟ್ಟು, ಅರ್ಧ ಗಂಟೆ ಓಡಿಸಿದ ಮೇಲೆ ಪೂರ್ತಿ ಹರಿವಿನಲ್ಲಿ ಅಳೆದೆ. ಹರಳು ಚೆನ್ನಾಗಿತ್ತು. ಮೆಷಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಪುಟ್ಟ ಮೀಟರ್ ಹಿಂಭಾಗದಲ್ಲಿರುತ್ತದೆ. ಅದರ ಫೋಟೊ, ಶುದ್ಧತೆಯ ಮೀಟರಿನ ಫೋಟೊ, ನನ್ನ ಅಂಗಡಿಯ ಹಸಿರು ಟೈಲ್ಸಿನ ಗೋಡೆಗೆ ಒರಗಿಸಿದ ಪೂರ್ತಿ ಮೆಷಿನ್ನಿನ ಫೋಟೊ, ಎಲ್ಲ ಹಾಕಿ ಜಾಹೀರಾತು ಬರೆದೆ. ಡಾಕ್ಟರ್ ಚೀಟಿ ತರುವವರಿಗೆ ಮಾತ್ರ ಎಂದೂ ಸೇರಿಸಿದೆ.

ಮರುದಿನ ಬೆಳಿಗ್ಗೆ ಒಂದು ಕರೆ ಬಂತು. ಗಂಭೀರ ಗಂಟಲು, ನಿಧಾನದ ಮಾತು, ಚೌಕಾಸಿ ಇಲ್ಲ.

"ಮದರ್‌ಗೆ ಬೇಕಿತ್ತು ಮೇಡಂ. ರೇಟ್ ಓಕೆ. ನಾನು ಬರೋಕಾಗಲ್ಲ, ನಮ್ಮ ಮನುಷ್ಯ ಒಬ್ಬ ಬರ್ತಾನೆ."

"ಯಾರು ಸಾರ್, ರೈಟರಾ?" ಎಂದೆ ನಾನು.

"ಹಾಂ... ಹಾಂ, ರೈಟರ್" ಎಂದ.

"ಯಾವ ಎಸ್ಟೇಟು ಸಾರ್? ಪಾಲಿಬೆಟ್ಟ ಕಡೇದಾ?"

"ಹೌದೌದು, ಆ ಕಡೇದೇ. ಮತ್ತೆ ಮೇಡಂ, ದುಡ್ಡಿನ ಮಾತು ಅವನ ಎದುರು ಎತ್ತಬೇಡಿ. ಅವನು ನೋಡಿ ಸರಿ ಇದೆ ಅಂದ ಕೂಡಲೇ ನಾನು ಇಲ್ಲಿಂದ ನಿಮ್ಮ ಅಕೌಂಟಿಗೆ ಹಾಕ್ತೀನಿ."

ಹೊರಗಿನವರಿಗೆ ಈ ಮಾತು ವಿಚಿತ್ರ ಎನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಇಲ್ಲಿ ಕಾಫಿ ತೋಟದ ಸಾಹುಕಾರರು ಫೋನಿನಲ್ಲೇ ವ್ಯಾಪಾರ ಮುಗಿಸುತ್ತಾರೆ. ಸಾಮಾನು ತೆಗೆದುಕೊಂಡು ಹೋಗಲು ಬರುವವರು ತೋಟದ ಲೆಕ್ಕಪತ್ರ ನೋಡುವ ರೈಟರೋ, ಜೀಪಿನ ಡ್ರೈವರೋ. ಅವರ ಎದುರು ಬೆಲೆ ಎತ್ತಿದರೆ ಅಂಗಡಿಯವರಿಗೆ ರೀತಿ ರಿವಾಜು ಗೊತ್ತಿಲ್ಲ ಎಂದಾಗುತ್ತದೆ. ಸಾಹುಕಾರರ ಮನೆಯ ಖರ್ಚು ಸಂಜೆಗೆ ಕೂಲಿಯವರ ಲೈನ್ ಮನೆಗಳ ಮಾತಾಗಬಾರದಲ್ಲ! ಗೊಬ್ಬರದ ಅಂಗಡಿಯಿಂದ ಚಿನ್ನದ ಅಂಗಡಿಯವರೆಗೆ ಸಿದ್ದಾಪುರದಲ್ಲಿ ಎಲ್ಲರೂ ಪಾಲಿಸುವ ಮರ್ಯಾದೆ ಇದು. ಹಣ ಬಂದ ಮೇಲಷ್ಟೇ ಮೆಷಿನ್ ಕೊಡುವುದು ಎಂದು ಖಡಕ್ಕಾಗಿ ಹೇಳಿದೆ. "ಆಫ್‌ಕೋರ್ಸ್" ಎಂದ. ಡಾಕ್ಟರ್ ಚೀಟಿ ಕಳಿಸಿ ಎಂದೆ, ಒಪ್ಪಿದ. ಓಡುವ ಮೆಷಿನ್ನಿನ ವಿಡಿಯೊ ಕೇಳಿದ, ಕಳಿಸಿದೆ. ನನ್ನ ಕಟ್ಟುಪಾಡು ಒಂದೂ ಮುರಿಯದೆ ವ್ಯಾಪಾರ ಕುದುರಿತ್ತು.

ಎರಡು ದಿನದ ನಂತರ, ವಿರಾಜಪೇಟೆ ಕಡೆಯ ಬಸ್ಸಿನಿಂದ ಇಳಿದು ರೈಟರ್ ಬಂದರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಬಿಳಿ ಪಂಚೆ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟರು. ಒಳಗೆ ಬಂದು ಕೈ ಕಟ್ಟಿ ನಿಂತರು. ಮುಖದಲ್ಲಿ ಒಂದು ಎಳೆ ನಗೆಯೂ ಇಲ್ಲ.

"ಬನ್ನಿ ಅಣ್ಣ, ಕೂತ್ಕಳಿ. ಟೀ ತರಿಸ್ಲಾ?"

"ಬೇಡ ಚೇಚಿ. ಇಂಥ ಟೈಮಲ್ಲಿ ಟೀ ಎಂತಕ್ಕೆ?" ಎಂದರು, ಮಲಯಾಳಿಗಳು ಅಕ್ಕನನ್ನು ಕರೆಯುವ ಹಾಗೆ ಕರೆದು. ತಲೆ ತಗ್ಗಿಸಿ, "ದೈವದ ಇಷ್ಟ ಅಲ್ವಾ ಚೇಚಿ. ನಮ್ಮ ಕೈಲಿ ಎಂತ ಉಂಟು?" ಎಂದರು.

ಸಾಹುಕಾರರ ತಾಯಿಯ ಸ್ಥಿತಿ ತೀರ ಕೆಟ್ಟಿರಬೇಕು ಎಂದುಕೊಂಡೆ. ಡಾಕ್ಟರ್ ಚೀಟಿಯನ್ನು ಅವರೇ ತೆಗೆದು ತೋರಿಸಿದರು, ಮೇಲೆ ಒಬ್ಬ ಮುದುಕಿಯ ಹೆಸರು. ಮೆಷಿನ್ ನೋಡುವಾಗಲಂತೂ ನನಗೆ ಆಶ್ಚರ್ಯವೇ ಆಯಿತು. ಸದ್ದು ಎಷ್ಟು, ಮಲಗಿದವರಿಗೆ ನಿದ್ದೆ ಕೆಡುತ್ತದಾ, ನೀರಿನ ಬಾಟಲಿಗೆ ಕಾಯಿಸಿ ಆರಿಸಿದ ನೀರು ಸಾಕಾ ಎಂದು ಕೇಳಿದರು. ಕೊಳವೆಯನ್ನು ತಮ್ಮ ಮೂಗಿಗೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ರೈಟರೆಂದರೆ ಇಂಥವರಿರಬೇಕು, ಸಾಹುಕಾರರು ಪುಣ್ಯವಂತರು ಎಂದುಕೊಂಡೆ ನಾನು.

ಆಮೇಲೆ ಅವರು ಜಗಲಿಗೆ ಹೋಗಿ ಫೋನಿನಲ್ಲಿ ಮಲಯಾಳದಲ್ಲಿ ಮಾತಾಡಿದರು. ಬೆನ್ನು ಈ ಕಡೆ ಮಾಡಿ ಏನೋ ಒತ್ತಿದರು. ಅಷ್ಟರಲ್ಲಿ ನನ್ನ ಮೊಬೈಲಿಗೆ ಮೆಸೇಜ್ ಬಂತು. ನಿಮ್ಮ ಖಾತೆಗೆ ಇಷ್ಟು ಹಣ ಜಮಾ ಆಗಿದೆ ಎಂದು. ಬ್ಯಾಂಕಿನ ಮೆಸೇಜಿನಂತೆಯೇ ಇತ್ತು, ಆದರೆ ಬಂದದ್ದು ಸಾಮಾನ್ಯ ಮೊಬೈಲ್ ನಂಬರಿನಿಂದ. ಆಪ್ ತೆರೆದೆ. ಏನೂ ಬಂದಿರಲಿಲ್ಲ. ಸಾಹುಕಾರನಿಗೆ ಫೋನ್ ಮಾಡಿದೆ.

"ಸರ್ವರ್ ಸ್ಲೋ ಇದೆ ಮೇಡಂ, ಐದು ನಿಮಿಷ. ರೈಟರ್‌ಗೆ ಬಸ್ ತಪ್ಪುತ್ತೆ, ನೀವು ಕೊಟ್ಟು ಕಳಿಸಿ."

"ಬಂದ ಮೇಲೇ ಕೊಡೋದು ಸಾರ್" ಎಂದು ಇಟ್ಟೆ. ರೈಟರಿಗೆ "ಸ್ವಲ್ಪ ಕೂತ್ಕಳಿ ಅಣ್ಣ" ಎಂದಷ್ಟೇ ಹೇಳಿದೆ. ಯಾಕೆಂದು ಹೇಳುವಂತಿರಲಿಲ್ಲವಲ್ಲ, ದುಡ್ಡಿನ ಮಾತು! ಅವರೂ ಯಾಕೆಂದು ಕೇಳಲಿಲ್ಲ. ಸ್ಟೂಲಿನ ತುದಿಯಲ್ಲಿ ಕೂತು ಗೋಡೆಯ ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ತಲೆ ತಗ್ಗಿಸಿದರು. ನಾನು ಆಪ್ ತೆರೆಯುತ್ತಾ ಮುಚ್ಚುತ್ತಾ ಕೂತೆ. ಹೀಗೆ ಇಬ್ಬರೂ ಮರ್ಯಾದೆಯಿಂದ ಬಾಯಿ ಹೊಲಿದುಕೊಂಡು ಕೂತಿದ್ದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಹೊತ್ತಿನಲ್ಲೇ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿತ್ತು.

ಕೊನೆಗೆ ಅವರು ಎದ್ದು ಮೆಷಿನ್ನಿನ ಹಿಡಿಗೆ ಕೈ ಹಾಕಿದರು. "ಚೇಚಿ, ಇನ್ನು ಹೊರಡ್ತೇನೆ. ಬಸ್ಸು ಹೋಗ್ತದೆ."

ನಾನು ಇನ್ನೊಂದು ಬದಿಯನ್ನು ಹಿಡಿದೆ. "ಹಂಗೆಲ್ಲ ತಗಂಡು ಹೋಗಂಗಿಲ್ಲ ಕಣಣ್ಣ."

"ಎಂತಕ್ಕೆ? ನಾನು ಹಣ ಪೂರಾ ಹಾಕಿ ಆಯ್ತಲ್ಲಾ!"

"ಯಾರಿಗೆ ಹಾಕಿದ್ರಿ? ನನಗಂತೂ ಒಂದು ಕಾಸೂ ಬಂದಿಲ್ಲ."

ಅವರ ಮುಖ ಕೆಂಪೇರಿತು. ಇಬ್ಬರೂ ಮೆಷಿನ್ನನ್ನು ಬಿಡಲಿಲ್ಲ. ಧ್ವನಿ ಏರಿತು. ನನ್ನ ಧ್ವನಿ ಏರಿದರೆ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತದೆ. ಜನ ಸೇರಿದರು. "ಹಣ ತಗೊಂಡು ಸಾಮಾನು ಕೊಡಲ್ವಂತೆ" ಎಂದು ಯಾರೋ ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಂಬಿಕೆಯ ಮೇಲೆ ನಡೆಯುವ ಅಂಗಡಿಗೆ ಆ ಒಂದು ಮಾತು ಸಾಕು. ಅಷ್ಟರಲ್ಲಿ ಅವರ ಫೋನ್ ಹೊಡೆಯಿತು. ಕೇಳಿಸಿಕೊಂಡು ಇಟ್ಟವರೇ, "ನಿಮ್ಮವರೇ ಹೇಳ್ತಾರೆ ನೀವು ಸರಿ ಇಲ್ಲ ಅಂತ. ಪೊಲೀಸ್ ಕರಿ, ಮೆಷಿನ್ ಎಳ್ಕೊಂಡು ಬಾ ಅಂತಾರೆ" ಎಂದು ಕೂಗಿದರು.

ಅವರನ್ನು ಹೊರಗೆ ತಳ್ಳಿ ಶಟರ್ ಎಳೆಯುವುದು ನನಗೆ ಸುಲಭವಿತ್ತು. ವಸ್ತು ನನ್ನ ಹತ್ತಿರವಿತ್ತು, ನನ್ನದೇನೂ ಹೋಗಿರಲಿಲ್ಲ. ಕೈ ಶಟರಿನ ಕೊಕ್ಕೆಯವರೆಗೆ ಹೋಗಿದ್ದೂ ನಿಜ. ಆದರೆ "ನಿಮ್ಮವರೇ" ಎಂಬ ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಚುಚ್ಚಿತು. ನನ್ನವರು ಯಾರು? ಮರ್ಯಾದೆ ಮನೆಗೆ ಹೋಗಲಿ ಎಂದು ಕೇಳಿಯೇಬಿಟ್ಟೆ.

"ಅಣ್ಣ, ನೀವು ಯಾವ ಎಸ್ಟೇಟಿನ ರೈಟರು?"

"ರೈಟರಾ?" ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ನಾನು ಬೇರೆಯವರ ಪಿಕಪ್ ಓಡಿಸೋನು. ಮಾಕುಟ್ಟ ಘಾಟಿ ಇಳಿದ ಮೇಲೆ, ಕೇರಳದಲ್ಲಿ ನಮ್ಮ ಊರು. ಮೆಷಿನ್ ನನ್ನ ಅಮ್ಮನಿಗೆ."

ಪಕ್ಕದ ಬೇಕರಿಯ ಕಾಕ ಗುಂಪು ಸೀಳಿಕೊಂಡು ಬಂದರು. ಊರು ಕಣ್ಣೂರು ಕಡೆಯಾದರೂ ಸಿದ್ದಾಪುರದಲ್ಲೇ ಮುದುಕರಾದವರು, ಎರಡೂ ಭಾಷೆ ನೀರು ಕುಡಿದಂತೆ. "ಎಂತ ಮೋಳೆ, ಎಂತ ಗಲಾಟೆ?" ಎಂದು ಮಗಳನ್ನು ಕೇಳುವಂತೆ ನನ್ನನ್ನು ಕೇಳಿ, ಪಿಕಪ್ಪಿನವರನ್ನು ಮಲಯಾಳದಲ್ಲಿ ವಿಚಾರಿಸಿದರು. ಅವರ ಫೋನಿನಲ್ಲಿದ್ದ ಧ್ವನಿ ಸಂದೇಶವೊಂದನ್ನು ಹಾಕಿಸಿ ಕೇಳಿದರು. ಕೇಳುತ್ತಾ ಕೇಳುತ್ತಾ ಕಾಕನ ಹುಬ್ಬು ಮೇಲೇರಿತು.

"ಇದರಲ್ಲಿ ಹೇಳ್ತಾನೆ, ಅಂಗಡಿಯಲ್ಲಿ ಇರೋದು ನನ್ನ ಅತ್ತಿಗೆ. ಅವರ ಮಾವ, ಅಂದ್ರೆ ನನ್ನ ಅಪ್ಪ, ತೀರಿ ಹೋಗಿ ವಾರ ಆಗ್ಲಿಲ್ಲ. ಅಪ್ಪನ ಮೆಷಿನ್ ಅದು. ಯಾರ ಜೀವಕ್ಕಾದ್ರೂ ಆಗ್ಲಿ ಅಂತ ಕಮ್ಮಿಗೆ ಕೊಡ್ತಾ ಇದ್ದೇವೆ. ಸಾವಿನ ಮನೆ ಹೆಂಗಸು, ಅವರ ಎದುರು ದುಡ್ಡಿನ ಮಾತು ಎತ್ತಬೇಡಿ."

"ನನ್ನ ಮಾವ?" ಎಂದೆ. "ನನ್ನ ಮಾವ ಶನಿವಾರಸಂತೇಲಿ ಗುಂಡುಕಲ್ಲಿನಂಗೆ ಅವ್ರೆ ಕಾಕ! ಬೆಳಿಗ್ಗೆ ಫೋನ್ ಮಾಡಿ ನನ್ನನ್ನ ಬೈದವ್ರೆ!"

ಗುಂಪಿನಲ್ಲಿ ಒಬ್ಬಿಬ್ಬರು ನಕ್ಕರು. ಪಿಕಪ್ಪಿನವರು ನಗಲಿಲ್ಲ. ಕೈ ಮೆಷಿನ್ನಿನಿಂದ ತಾನಾಗಿಯೇ ಜಾರಿತು. ಚಪ್ಪಲಿ ಬಿಟ್ಟಿದ್ದು, ಟೀ ಬೇಡವೆಂದದ್ದು, ದೈವದ ಇಷ್ಟ ಎಂದದ್ದು, ಎಲ್ಲ ನನಗೆ ಆಗ ಅರ್ಥವಾಯಿತು. ಆ ಮನುಷ್ಯ ನನಗೆ ಸಾಂತ್ವನ ಹೇಳಿದ್ದರು.

ಎರಡು ಫೋನುಗಳನ್ನು ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟೆವು. ನಂಬರ್ ಬೇರೆ ಬೇರೆ. ಅವರು ನೋಡಿದ ಜಾಹೀರಾತಿನಲ್ಲಿದ್ದದ್ದು ನನ್ನದೇ ಹಸಿರು ಗೋಡೆ, ನನ್ನದೇ ಫೋಟೊ, ಬೆಲೆ ಮಾತ್ರ ನಾನು ಹಾಕಿದ್ದರ ಅರ್ಧ. ನಾನು ಕಳಿಸಿದ ವಿಡಿಯೊ ಅವರ ಫೋನಿನಲ್ಲೂ ಇತ್ತು. ಧ್ವನಿ ಸಂದೇಶ ಇನ್ನೊಮ್ಮೆ ಹಾಕಿದೆ. ಭಾಷೆ ಬೇರೆ, ಗಂಟಲು ಅದೇ. ನನ್ನಿಂದ ವಸ್ತು ತೋರಿಸಿ ಅವರಿಂದ ಹಣ ಪಡೆದು, ನಾವಿಬ್ಬರೂ ಮಾತಾಡದಂತೆ ನಡುವೆ ಒಂದು ಗೋಡೆ ಕಟ್ಟಿ ಅವನು ಎಲ್ಲೋ ಕೂತಿದ್ದ. ಇಬ್ಬರಿಗೂ ಅವನು ಹೇಳಿದ್ದು ಒಂದೇ ಮಾತು, ದುಡ್ಡಿನ ಸುದ್ದಿ ಎತ್ತಬೇಡಿ ಎಂದು. ಅವನಿಗೆ ನಮ್ಮ ತೋಟಗಳ ರಿವಾಜು ಗೊತ್ತಿರಲೇಬೇಕು ಎಂದೇನೂ ಇಲ್ಲ. ರೈಟರ್ ಎಂಬ ಪದವನ್ನೂ ಎಸ್ಟೇಟನ್ನೂ ಅವನ ಬಾಯಿಗೆ ತುರುಕಿದವಳು ನಾನೇ.

ಆಮೇಲೆ ಕೆಲಸ ಚುರುಕಾಗಿ ನಡೆಯಬೇಕಿತ್ತು. ಸೈಬರ್ ವಂಚನೆಯ ಸಹಾಯವಾಣಿಯ ನಂಬರನ್ನು ನಾನು ಗೋಡೆಗೆ ಅಂಟಿಸಿಟ್ಟಿದ್ದೆ, ಗಿರಾಕಿಗಳಿಗೆಂದು. ಹಣ ಹೋದ ಖಾತೆಯವರೇ ದೂರು ಕೊಡಬೇಕಾದ್ದರಿಂದ ಅವರ ಫೋನಿನಿಂದಲೇ ಕರೆ ಮಾಡಿಸಿದೆ. ಹಣ ಕಳಿಸಿದ ವ್ಯವಹಾರದ ಸಂಖ್ಯೆ, ಯಾವ ಐಡಿಗೆ ಹೋಯಿತು, ಎಷ್ಟು ಹೊತ್ತಿಗೆ ಎಂದು ಆ ಕಡೆಯವರು ಕೇಳಿದ್ದನ್ನೆಲ್ಲ ನಾನು ಸ್ಕ್ರೀನಿನಿಂದ ಓದಿದೆ. ಖಾತೆ ಕೇರಳದ್ದು, ನಾವಿರುವುದು ಕರ್ನಾಟಕದಲ್ಲಿ ಎಂದಾಗ ಅದೇನೂ ಅಡ್ಡಿಯಿಲ್ಲ ಎಂದರು. ದೂರಿನ ಸಂಖ್ಯೆ ಮೆಸೇಜಿನಲ್ಲಿ ಬಂತು. ಅವರ ಬ್ಯಾಂಕಿಗೂ ಫೋನ್ ಮಾಡಿ ಅದೇ ಸಂಖ್ಯೆ ಕೊಟ್ಟೆವು.

ಇದರ ನಡುವೆ ಸಾಹುಕಾರ ನನಗೆ ಮತ್ತೆ ಫೋನ್ ಮಾಡಿದ. ಅನುಮಾನ ಬಂದರೆ ಉಳಿದ ಹಣವನ್ನೂ ಗಡಿಬಿಡಿಯಲ್ಲಿ ಸಾಗಿಸಿಬಿಡುತ್ತಾನೆ ಎಂದು ನಾನು ದನಿ ಬೆಣ್ಣೆ ಮಾಡಿಕೊಂಡೆ.

"ಇಲ್ಲೇ ಅವ್ರೆ ಸಾರ್ ನಿಮ್ಮ ರೈಟರು. ಒಂಚೂರು ಮಾತಿಗೆ ಮಾತು ಬಂತು, ಈಗ ಸರಿಹೋಯ್ತು. ಕಾಕನ ಅಂಗಡೀಲಿ ಪಫ್ಸ್ ತಿಂತಾ ಅವ್ರೆ. ಸರ್ವರ್ ಸರಿಹೋಯ್ತಾ ಸಾರ್?"

"ಆಗ್ತಾ ಇದೆ ಮೇಡಂ, ನೀವು ಕೊಟ್ಟುಬಿಡಿ."

"ಕೊಡ್ತೀನಿ ಸಾರ್, ಪ್ಯಾಕ್ ಮಾಡ್ತಾ ಇದೀನಿ. ತಾಯಿಯವರು ಹೆಂಗವ್ರೆ ಈಗ?"

ಕಾಕ ಬಾಯಿಗೆ ಟವಲ್ ಅಡ್ಡ ಹಿಡಿದುಕೊಂಡರು. ಹೀಗೆ ಇನ್ನೆರಡು ಸಲ ಆಟ ಆಡಿಸಿದೆ. ಆಮೇಲೆ ನಾನೇ ಫೋನ್ ಮಾಡಿದಾಗ ನಂಬರ್ ಸ್ವಿಚ್ ಆಫ್ ಆಗಿತ್ತು.

ಠಾಣೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಟ್ಟು ಬಂದಾಗ ಮಧ್ಯಾಹ್ನ ದಾಟಿತ್ತು. ಹಣ ಎಷ್ಟು ಉಳಿದಿದೆ, ಯಾವಾಗ ಸಿಗುತ್ತದೆ, ಯಾರೂ ಹೇಳುವಂತಿರಲಿಲ್ಲ. ಸಿಕ್ಕರೂ ತಿಂಗಳುಗಳೇ ಆಗಬಹುದು ಎಂದರು ಹೆಡ್ ಕಾನ್ಸ್‌ಟೇಬಲ್. ಪಿಕಪ್ಪಿನವರು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಆಗ ವಿಷಯ ಹೇಳಿದರು. ಅವರ ತಾಯಿ ಆಸ್ಪತ್ರೆಯಲ್ಲಿದ್ದರು. ಮನೆಯಲ್ಲಿ ಮೆಷಿನ್ ಇದ್ದರೆ ನಾಳೆ ಮನೆಗೆ ಕಳಿಸುತ್ತೇವೆ, ಇಲ್ಲದಿದ್ದರೆ ಇಲ್ಲೇ ಇರಲಿ ಎಂದು ಡಾಕ್ಟರ್ ಹೇಳಿದ್ದರಂತೆ. ಮೆಷಿನ್ನಿಗೆಂದು ಕೂಡಿಸಿದ ಹಣ ಅಷ್ಟೂ ಹೋಗಿತ್ತು.

"ಅಮ್ಮ ದಿನಾ ಕೇಳ್ತಾರೆ, ಮನೆಗೆ ಯಾವಾಗ ಅಂತ. ಸಾಯೋದಾದ್ರೆ ಮನೇಲಿ ಸಾಯ್ತೇನೆ ಅಂತಾರೆ. ಇವತ್ತು ಬರುವಾಗ ಹೇಳಿ ಬಂದಿದ್ದೇನೆ, ನಾಳೆ ಕರ್ಕೊಂಡು ಹೋಗ್ತೇನೆ ಅಂತ." ಹೇಳುತ್ತಾ ಹೇಳುತ್ತಾ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು.

ಹಣ ಕಾಣದೆ ವಸ್ತು ಕೌಂಟರ್ ದಾಟುವುದಿಲ್ಲ. ಆ ಕಟ್ಟುಪಾಡು ನನ್ನನ್ನು ಆ ಬೆಳಿಗ್ಗೆಯೂ ಉಳಿಸಿತ್ತು. ಅದೇ ಕಾರಣಕ್ಕೆ ಅದನ್ನು ಮುರಿಯಲು ಮನಸ್ಸು ಒಪ್ಪಲಿಲ್ಲ. ಮೇಲಾಗಿ ಮೆಷಿನ್ ನನ್ನದಲ್ಲ. ಆದರೆ ಬೇಕಾದ ಮನೆಗೇ ಹೋಗಬೇಕು ಎಂದಿದ್ದರಲ್ಲ ಟೀಚರ್! ಆ ಮನೆಯೇ ಎದ್ದು ಬಂದು ನನ್ನ ಮೆಟ್ಟಿಲ ಮೇಲೆ ಕೂತಿರುವಾಗ ನಾನು ಇನ್ನಾರಿಗೆ ಕಾಯುವುದು? ಮಡಿಕೇರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಬಿಡಿಸಿ ಹೇಳಿ, ಹಣವಿಲ್ಲದೆ ಕೊಟ್ಟು ಕಳಿಸಬೇಕು ಎನ್ನಿಸುತ್ತಿದೆ ಎಂದೆ. ವಾಪಸ್ ಬರದೆ ಹೋದರೆ ಬೆಲೆ ನಾನು ಕಟ್ಟಿಕೊಡುತ್ತೇನೆ ಎಂದೂ ಸೇರಿಸಿದೆ.

ಟೀಚರ್ ಬೆಲೆಯ ಸುದ್ದಿಗೇ ಬರಲಿಲ್ಲ. "ಅವರ ಊರಲ್ಲಿ ಕರೆಂಟ್ ಹೋಗುತ್ತಾ ಕೇಳು" ಎಂದರು.

ಫೋನನ್ನು ಸ್ಪೀಕರಿಗೆ ಹಾಕಿದೆ. "ಹೋಗ್ತದೆ ಟೀಚರ್" ಎಂದರು ಪಿಕಪ್ಪಿನವರು.

"ಹಾಗಾದರೆ ಒಂದು ಸಣ್ಣ ಸಿಲಿಂಡರ್ ಬಾಡಿಗೆಗೆ ತಂದಿಟ್ಟುಕೊಳ್ಳಿ. ಕರೆಂಟ್ ಹೋದ ಕೂಡಲೇ ಈ ಮೆಷಿನ್ ಕೂಗುತ್ತೆ. ಆ ಕೂಗಿಗೆ ಎಚ್ಚರ ಆಗೋರು ಒಬ್ಬರು ಪಕ್ಕದಲ್ಲೇ ಮಲಗಬೇಕು. ಆಚೆ ರೂಮಲ್ಲಿ ಮಲಗಿದರೆ ಆಗಲ್ಲ. ಯಾರು ಮಲಗ್ತೀರಿ?"

"ನಾನೇ ಮಲಗ್ತೇನೆ."

"ಕೊಡಮ್ಮಾ ಹಾಗಾದರೆ" ಎಂದು ಟೀಚರ್ ಫೋನ್ ಇಟ್ಟರು.

ಚೆಕ್‌ಪೋಸ್ಟಿನಲ್ಲಿ ಕೇಳಿದರೆ ತೋರಿಸಲು ಅಂಗಡಿಯ ಬಿಲ್ ಹಾಳೆಯ ಮೇಲೆ ಮೆಷಿನ್ನಿನ ಸೀರಿಯಲ್ ನಂಬರ್ ಬರೆದು, ಬಳಸಲು ಕೊಟ್ಟಿದ್ದು ಎಂದು ಸಹಿ ಹಾಕಿದೆ. ಅವರ ಗುರುತಿನ ಚೀಟಿಯ ಫೋಟೊ ತೆಗೆದುಕೊಂಡೆ. ನಾನು ಎಷ್ಟು ಕರಗಿದರೂ ನಾನೇ. ಜೊತೆಗೆ ಒಂದು ಷರತ್ತು ಹಾಕಿದೆ. ತಿಂಗಳ ಮೊದಲ ವಾರ ಫಿಲ್ಟರ್ ತೊಳೆದು, ಆ ದಿನದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು, ಗಂಟೆಯ ಮೀಟರಿನ ಪಕ್ಕ ಹಿಡಿದು ಫೋಟೊ ಕಳಿಸಬೇಕು. ಕೈಬರಹದ ಚೀಟಿಯಿದ್ದರೆ ಆ ಫೋಟೊ ಹಳೆಯದಲ್ಲ, ಕದ್ದದ್ದಲ್ಲ ಎಂದು ಗೊತ್ತಾಗುತ್ತದೆ. ನನ್ನ ಜಾಹೀರಾತಿನ ಫೋಟೊಗಳಿಗೆ ನಾನು ಮೊದಲೇ ಮಾಡಬೇಕಿದ್ದ ಕೆಲಸ ಅದು. ಮೆಷಿನ್ನನ್ನು ಮತ್ತೆ ಟೀಚರ ಸೀರೆಯಲ್ಲೇ ಸುತ್ತಿದೆವು. ಮಲಗಿಸಬೇಡಿ, ನೆಟ್ಟಗೇ ಇರಲಿ ಎಂದು ಕಾಕ ಕಂಡಕ್ಟರಿಗೆ ಮೂರು ಸಲ ಹೇಳಿದರು.

ಅವತ್ತಿನಿಂದ ನನ್ನ ಪ್ರತಿ ಜಾಹೀರಾತಿನ ಫೋಟೊದಲ್ಲಿ ಅಂಗಡಿಯ ಹೆಸರು, ತಾರೀಖು ಬರೆದ ಚೀಟಿ ಇರುತ್ತದೆ. ವಸ್ತು ಒಯ್ಯಲು ಯಾರೇ ಬರಲಿ, ಸಾಹುಕಾರರ ರೈಟರಾಗಲಿ ದೇವರ ಡ್ರೈವರಾಗಲಿ, ಮೊದಲು ನಾಲ್ಕು ಜನರ ಎದುರು ಕೇಳುತ್ತೇನೆ. ನೀವು ಯಾರ ಕಡೆಯವರು, ಯಾರಿಗೆ ಹಣ ಕೊಟ್ಟಿರಿ, ಎಷ್ಟು ಕೊಟ್ಟಿರಿ? ಒಂದಿಬ್ಬರು ಅಸಲಿ ಸಾಹುಕಾರರು ಮುನಿಸಿಕೊಂಡರು. ಮುನಿಸಿಕೊಳ್ಳಲಿ. ಹೋದ ಹಣದಲ್ಲಿ ಒಂದು ಪಾಲನ್ನು ಮೂರನೆಯ ಖಾತೆಯೊಂದರಲ್ಲಿ ತಡೆಹಿಡಿದಿದ್ದಾರೆಂದು ಆಮೇಲೆ ತಿಳಿಯಿತು. ಉಳಿದದ್ದು ಯಾವುದೋ ಊರಿನ ಎಟಿಎಮ್ಮಿನಿಂದ ಹೊರಬಿದ್ದಿತ್ತು.

ಫೋಟೊಗಳು ತಪ್ಪದೆ ಬಂದವು. ಮೊದಲ ಚೀಟಿಯನ್ನು ಅವರೇ ಹಿಡಿದಿದ್ದರು. ಆಮೇಲಿನವುಗಳಲ್ಲಿ ಚೀಟಿ ಹಿಡಿದದ್ದು ನರ ಎದ್ದ, ಸಣಕಲು ಬೆರಳಿನ ಕೈ. ಮೀಟರಿನ ಅಂಕಿ ಏರುತ್ತಿತ್ತು. ಆ ಅಂಕಿ ಏರಿದೆ ಎಂದರೆ ಅಷ್ಟು ಗಂಟೆ ಒಂದು ಜೀವ ಮನೆಯ ಮಂಚದ ಮೇಲೆ ಉಸಿರಾಡಿದೆ ಎಂದು ಅರ್ಥ. ಟೀಚರಿಗೆ ಫೋಟೊ ಕಳಿಸುತ್ತಿದ್ದೆ. "ಫಿಲ್ಟರ್ ಚೆನ್ನಾಗಿ ಒಣಗಿಸ್ತಾ ಇದಾರಾ?" ಎಂದಷ್ಟೇ ಕೇಳುತ್ತಿದ್ದರು.

ತೋಟಗಳಲ್ಲಿ ಕಾಫಿ ಹಣ್ಣಿನ ಪಿಕಿಂಗ್ ಶುರುವಾದ ತಿಂಗಳು ಫೋಟೊ ಬರಲಿಲ್ಲ. ನಾನು ಫೋನ್ ಮಾಡಲಿಲ್ಲ, ಮಾಡಲು ಧೈರ್ಯವಾಗಲಿಲ್ಲ. ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಪಿಕಪ್ ನಿಂತಿತು. ಅವರು ಇಳಿದು, ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ಮೆಷಿನ್ನನ್ನು ಎದೆಗೆ ಒರಗಿಸಿಕೊಂಡು ಒಳಗೆ ಬಂದರು. ಫಿಲ್ಟರ್ ತೊಳೆದಿತ್ತು, ಬಾಟಲಿ ಒರೆಸಿತ್ತು, ಸೀರೆ ಒಗೆದು ಮಡಿಸಿತ್ತು. ಮುಖ ಮೊದಲ ದಿನದಂತೆಯೇ ಇತ್ತು. ಆ ದಿನ ಅದು ನನಗಾಗಿ ಹೊತ್ತು ತಂದ ಮುಖ, ಇವತ್ತು ಅವರದ್ದೇ.

ನನಗೆ ಬೇರೆ ಮಾತು ಹೊಳೆಯಲಿಲ್ಲ. "ದೈವದ ಇಷ್ಟ ಕಣಣ್ಣ. ನಮ್ಮ ಕೈಲಿ ಏನೈತೆ?" ಎಂದೆ.

ಅವರು ತಲೆಯಾಡಿಸಿದರು. "ಮನೇಲೇ ಹೋದ್ರು ಚೇಚಿ, ಅವರ ಮಂಚದಲ್ಲೇ. ಟೀಚರ್‌ಗೆ ಒಂದು ಮಾತು ಹೇಳಿ. ಮೆಷಿನ್ ಕೂಗಿದ್ದು ಒಂದು ಸಲವೂ ನನಗೆ ಕೇಳದೇ ಹೋಗ್ಲಿಲ್ಲ."

ನನ್ನ ಕಣ್ಣು ತುಂಬಿತು. ಅವರು ಅಂಗಿಯ ಜೇಬಿಗೆ ಕೈ ಹಾಕಿ, "ಮತ್ತೆ ಚೇಚಿ, ಇಷ್ಟು ತಿಂಗಳ ಹಣದ ವಿಷಯ..." ಎಂದು ತೊಡಗಿದರು.

"ಸುಮ್ಮನಿರಿ ಅಣ್ಣ" ಎಂದೆ. "ಸಾವಾದ ಮನೆಯವರ ಹತ್ರ ದುಡ್ಡಿನ ಮಾತು ಎತ್ತಬಾರದು."

ಬಾಯಿಂದ ಬಿದ್ದ ಮೇಲೆ ಆ ಮಾತು ಎಲ್ಲಿಯದೆಂದು ಇಬ್ಬರಿಗೂ ನೆನಪಾಯಿತು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕಾಕ ಬೇಕರಿಯಿಂದ ಎರಡು ಟೀ ತಂದು ಕೌಂಟರಿನ ಮೇಲಿಟ್ಟರು. ಈ ಸಲ ಅವರು ಬೇಡ ಎನ್ನಲಿಲ್ಲ.